ಹೆಸರು ಅದೇ, ಒಳಗಿನದು ಬೇರೆ

ನಾನು ಚಾಕಣಕ್ಕೆ ಬಂದದ್ದು 2011ರಲ್ಲಿ. ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ಮೂವತ್ತು ಕಿಲೋಮೀಟರಿನಷ್ಟು ಬಂದರೆ ಸಿಗುವ ಊರು. ಒಂದು ಕಾಲಕ್ಕೆ ಇದು ಸಂಗ್ರಾಮದುರ್ಗಕ್ಕೆ ಹೆಸರಾಗಿತ್ತು. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಫಿರಂಗೋಜಿ ನರಸಾಳ ಎರಡು ತಿಂಗಳ ಹತ್ತಿರ ತಡೆದು ನಿಲ್ಲಿಸಿದ್ದು ಇಲ್ಲಿಯೇ. ಆಮೇಲೆ ಈರುಳ್ಳಿ ಮಾರುಕಟ್ಟೆಗೆ ಹೆಸರಾಯಿತು. ನಾನು ಬರುವ ಹೊತ್ತಿಗೆ ವಾಹನಗಳ ಊರಾಗಿತ್ತು. ಬಜಾಜ್ ಮೊದಲೇ ಇತ್ತು, 2009ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಶುರುವಾಗಿತ್ತು. ಇಂಥ ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಎಂಐಡಿಸಿಯ ತುಂಬ. ಅಂಥ ಒಂದರಲ್ಲಿ ಟೆಸ್ಟಿಂಗ್ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಲೈನಿನಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹುಡುಗರಲ್ಲಿ ನಮ್ಮ ಕಡೆಯವರು ಬಹಳ. ಇಂಡಿ, ಆಳಂದ, ಅಫಜಲಪುರ, ಜೇವರ್ಗಿ. ಸೂಪರ್‌ವೈಸರ್ ಜೊತೆ ಮರಾಠಿ, ಬಿಹಾರದವರ ಜೊತೆ ಹಿಂದಿ, ರಾತ್ರಿ ಕೋಣೆಗೆ ಹೋದ ಮೇಲೆ ಕನ್ನಡ. ನಾನು ರಾಣೆಬೆನ್ನೂರಿನವನು ಎಂದು ಗೊತ್ತಾದ ಮೇಲೆ ನನ್ನ ಜೊತೆಯೂ ಕನ್ನಡವೇ.

ಈಗ ಹೇಳಹೊರಟಿರುವುದು 2013ರ ಮಳೆಗಾಲದ ಸಂಗತಿ. ನಮ್ಮ ಲೈನಿನ ಕೊನೆಯಲ್ಲಿ ಒಂದು ಟೆಸ್ಟ್ ಬೆಂಚ್ ಇತ್ತು. ತಯಾರಾದ ಭಾಗವನ್ನು ಅದರ ಮೇಲೆ ಕೂರಿಸಿ ಹಸಿರು ಗುಂಡಿ ಒತ್ತಿದರೆ ಎಲ್ಲಾದರೂ ಗಾಳಿ ಸೋರುತ್ತದೆಯೇ ಎಂದು ಅಳೆದು ಪರದೆಯ ಮೇಲೆ ಫಲಿತಾಂಶ ತೋರಿಸುತ್ತಿತ್ತು. ಅಳೆಯುವ ಪ್ರೋಗ್ರಾಮ್ ಯಂತ್ರದ ಜೊತೆಗೇ ಬಂದದ್ದು, ಲಿನಕ್ಸ್ ಮೇಲೆ ಓಡುವಂಥದ್ದು. ಬರೆದವರು ಯಾರೋ, ಅದರ ಮೂಲ ನಮ್ಮ ಬಳಿ ಇರಲಿಲ್ಲ. ಅದೇ ಕಂಪ್ಯೂಟರಿಗೆ ಇನ್ನೊಂದು ಸಣ್ಣ ಪ್ರೋಗ್ರಾಮ್ ಹಾಕಬೇಕಾಗಿ ಬಂತು. ಅದಕ್ಕೆ ಕಿಟಕಿ, ಪರದೆ ಏನೂ ಇಲ್ಲ. ಹಿಂದೆ ಕೂತು ಪ್ರತಿ ಭಾಗದ ಫಲಿತಾಂಶವನ್ನು ಆಫೀಸಿನ ಸರ್ವರಿಗೆ ಕಳಿಸುವುದಷ್ಟೇ ಅದರ ಕೆಲಸ.

ನಮಗೆ ಗುರುವಾರ ವಾರದ ರಜೆ. ಬುಧವಾರ ಸಂಜೆ ಅದನ್ನು ಹಾಕಿದೆ. ಶುರುವಾಗಲಿಲ್ಲ. ಅದಕ್ಕೆ ಕ್ಯೂಟಿ ಎಂಬ ಲೈಬ್ರರಿಯ 4.8ನೇ ಆವೃತ್ತಿ ಬೇಕಿತ್ತು, ಕಂಪ್ಯೂಟರಿನಲ್ಲಿ ಇದ್ದದ್ದು 4.6. ಕಳಿಸಿದವರು ತಮಗೆ ಬೇಕಾದ ಲೈಬ್ರರಿಗಳನ್ನು ಒಂದು ಫೋಲ್ಡರಿನಲ್ಲಿ ಜೊತೆಗೇ ಕೊಟ್ಟಿದ್ದರು. ‘ಲೈಬ್ರರಿ ಹುಡುಕುವಾಗ ಮೊದಲು ಈ ಫೋಲ್ಡರ್ ನೋಡು’ ಎಂದು ಲಿನಕ್ಸಿಗೆ ಹೇಳುವ ಒಂದು ಸಾಲು ಇದೆ. ಎಲ್‌ಡಿ ಲೈಬ್ರರಿ ಪಾತ್ ಎಂದು ಅದರ ಹೆಸರು. ಆ ಸಾಲನ್ನು ಹೊಸ ಪ್ರೋಗ್ರಾಮಿಗೆ ಮಾತ್ರ ಬರೆಯಬೇಕಿತ್ತು. ನಾನು ಇಡೀ ಕಂಪ್ಯೂಟರಿಗೆ ಅನ್ವಯಿಸುವ ಫೈಲಿನಲ್ಲಿ ಬರೆದೆ. ಹೊಸದು ಓಡಿತು. ಹಳೆಯದು ಬೆಳಿಗ್ಗೆಯಿಂದಲೇ ಓಡುತ್ತಿದ್ದುದರಿಂದ ಅದಕ್ಕೇನೂ ಆಗಲಿಲ್ಲ. ತಳೇಗಾಂವ್ ಚೌಕದಲ್ಲಿ ಚಹಾ ಕುಡಿದು ಮನೆಗೆ ಹೋದೆ.

ಶುಕ್ರವಾರ ಬೆಳಗಿನ ಪಾಳಿಯಲ್ಲಿ ಬೆಂಚಿನ ಮೇಲೆ ಇಂಡಿ ಕಡೆಯ ಹುಡುಗ. ಕಂಪ್ಯೂಟರ್ ಚಾಲೂ ಮಾಡಿದ್ದಾನೆ, ಅಳೆಯುವ ಪ್ರೋಗ್ರಾಮ್ ತೆರೆಯುತ್ತಲೇ ಮುಚ್ಚಿಕೊಳ್ಳುತ್ತಿದೆ. ಎರಡು ಗಂಟೆ ಲೈನ್ ನಿಂತಿತು. ಅವನು ಬುಧವಾರ ಸರಿಯಾಗಿ ಬಂದ್ ಮಾಡದೆ ಸ್ವಿಚ್ ಆರಿಸಿ ಹೋಗಿರಬೇಕು, ಅದಕ್ಕೇ ಕೆಟ್ಟಿದೆ ಎಂದು ಸೂಪರ್‌ವೈಸರ್ ತೀರ್ಮಾನಿಸಿದ.

“ನಾ ಏನೂ ಮಾಡಿಲ್ರಿ ಸರ. ದಿನಾ ಹೆಂಗ ಬಂದ್ ಮಾಡ್ತೀನೋ ಹಂಗ ಮಾಡೇನಿ” ಎಂದ ನನ್ನ ಮುಖ ನೋಡಿ.

ಪರದೆಯ ಮೇಲೆ ಒಂದು ಸಾಲು ಇತ್ತು: ಒಂದಕ್ಕೊಂದು ಹೊಂದದ ಕ್ಯೂಟಿ ಲೈಬ್ರರಿಗಳನ್ನು ಬೆರೆಸಲಾಗದು. ಅದನ್ನು ಓದಿದೊಡನೆ ನನಗೆ ಅರ್ಥವಾಯಿತು. ಆದರೆ ಬಾಯಿ ಬಿಡಲಿಲ್ಲ. “ನೋಡ್ತೀನಿ, ತಡಿ” ಎಂದಷ್ಟೇ ಹೇಳಿ ಕೂತೆ.

ಆದದ್ದು ಇಷ್ಟು. ಹೊಸ ಪ್ರೋಗ್ರಾಮಿನ ಫೋಲ್ಡರಿನಲ್ಲಿ ಕ್ಯೂಟಿಯ ಎಲ್ಲ ಭಾಗಗಳೂ ಇರಲಿಲ್ಲ. ಅದಕ್ಕೆ ಪರದೆಯ ಗೊಡವೆ ಇಲ್ಲವಲ್ಲ, ಬೇಕಾದ ಎರಡು ಮೂರು ಭಾಗ ಮಾತ್ರ ತಂದಿತ್ತು. ಹಳೆಯ ಪ್ರೋಗ್ರಾಮ್ ಶುರುವಾಗುವಾಗ ನನ್ನ ಸಾಲನ್ನು ನೋಡಿ ಮೊದಲು ಆ ಫೋಲ್ಡರಿಗೆ ಹೋಯಿತು. ಅಲ್ಲಿ ತನಗೆ ಬೇಕಾದ ಹೆಸರಿನದೇ ಮೂಲಭಾಗ ಸಿಕ್ಕಿತು, ಎತ್ತಿಕೊಂಡಿತು, ಅದು 4.8. ಪರದೆಗೆ ಬೇಕಾದ ಭಾಗ ಅಲ್ಲಿ ಇರಲಿಲ್ಲ, ಕಂಪ್ಯೂಟರಿನ ಸ್ವಂತ ಜಾಗದಿಂದ ತಂದಿತು, ಅದು 4.6. ಹೆಸರು ನೋಡಿದರೆ ಎರಡೂ ಒಂದೇ ಮನೆಯವು. ಒಳಗೆ ಒಂದಕ್ಕೊಂದು ಪರಿಚಯವಿಲ್ಲ.

ಇಂಥದ್ದು ಏಕೆ ಆಗುತ್ತದೆ, ಇದಕ್ಕೆ ಜನ ಏನೇನು ದಾರಿ ಹುಡುಕಿದರು ಎಂದು ಅಂದಿನಿಂದ ಓದುತ್ತ ಬಂದಿದ್ದೇನೆ. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ನಮ್ಮಲ್ಲಿ ಹೆಚ್ಚಿನವರು ಇದನ್ನು ಒಂದು ಕಿರಿಕಿರಿ ಎಂದು ಮಾತ್ರ ಬಲ್ಲೆವು. ಅದಕ್ಕೆ ಎಪ್ಪತ್ತು ವರ್ಷ ದಾಟಿದ ಚರಿತ್ರೆ ಇದೆ.

ಕೇಂಬ್ರಿಜ್‌ನ ಕಪಾಟು

ಕಂಪ್ಯೂಟರಿನ ಲೈಬ್ರರಿ ಮೊದಲಿಗೆ ನಿಜವಾಗಿಯೂ ಕಪಾಟಿನಲ್ಲಿ ಇಡುವ ವಸ್ತುವಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಜೊತೆಗಾರರು ಕಟ್ಟಿದ ಎಡ್‌ಸ್ಯಾಕ್ ಯಂತ್ರ 1949ರ ಮೇ ತಿಂಗಳಲ್ಲಿ ಮೊದಲ ಬಾರಿ ಓಡಿತು. ವರ್ಗಮೂಲ ತೆಗೆಯುವುದು, ಸೈನ್ ಕೊಸೈನ್ ಲೆಕ್ಕ ಹಾಕುವುದು, ಉತ್ತರ ಅಚ್ಚು ಹಾಕುವುದು, ಇಂಥವನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯುವುದು ದಂಡ ಎಂದು ಅವರಿಗೆ ಬೇಗನೆ ಹೊಳೆಯಿತು. ಒಮ್ಮೆ ಬರೆದು, ಪರೀಕ್ಷಿಸಿ, ತೂತು ಹೊಡೆದ ಕಾಗದದ ಪಟ್ಟಿಗಳಾಗಿ ಉಕ್ಕಿನ ಕಪಾಟಿನಲ್ಲಿ ಇಟ್ಟರು. ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ 1951ರಲ್ಲಿ ಪ್ರೋಗ್ರಾಮ್ ಬರೆಯುವುದರ ಬಗ್ಗೆ ಪುಸ್ತಕ ಪ್ರಕಟಿಸುವ ಹೊತ್ತಿಗೆ ಅಂಥ 87 ಪಟ್ಟಿಗಳು ಸೇರಿದ್ದವು.

ಬೇಕಾದವರು ಕಪಾಟಿನಿಂದ ಪಟ್ಟಿ ತೆಗೆದು, ಯಂತ್ರದಲ್ಲಿ ಹಾಕಿ ಅದರ ಪ್ರತಿಯನ್ನು ತಮ್ಮ ಪ್ರೋಗ್ರಾಮಿನ ಪಟ್ಟಿಗೆ ಇಳಿಸಿಕೊಂಡು, ಮೂಲವನ್ನು ವಾಪಸ್ ಇಡುತ್ತಿದ್ದರು. ಆಮೇಲೆ ಕಪಾಟಿನ ಪಟ್ಟಿಯನ್ನು ಯಾರಾದರೂ ತಿದ್ದಿದರೂ ಇವರ ಪ್ರೋಗ್ರಾಮಿಗೆ ಏನೂ ಆಗುತ್ತಿರಲಿಲ್ಲ. ತಮ್ಮ ಪ್ರತಿ ತಮ್ಮ ಬಳಿ. ಇದೇ ಮುಂದೆ ಸ್ಟ್ಯಾಟಿಕ್ ಲಿಂಕಿಂಗ್ ಎನಿಸಿಕೊಂಡಿತು. ಆವೃತ್ತಿಗಳ ಜಗಳ ಅಲ್ಲಿ ಹುಟ್ಟುವ ಸಂಭವವೇ ಇಲ್ಲ. ಆದರೆ ಪಟ್ಟಿಯಲ್ಲಿ ತಪ್ಪಿದ್ದರೆ, ಪ್ರತಿ ತೆಗೆದುಕೊಂಡವರೆಲ್ಲರ ಬಳಿ ಆ ತಪ್ಪೂ ಉಳಿದಿರುತ್ತಿತ್ತು.

ಎಲ್ಲರಿಗೂ ಒಂದೇ ಪ್ರತಿ

ಒಂದೇ ಪ್ರತಿಯನ್ನು ಎಲ್ಲರೂ ಬಳಸುವ ಆಲೋಚನೆ ಬಂದದ್ದು ಒಂದೇ ಕಂಪ್ಯೂಟರನ್ನು ಬಹಳ ಜನ ಏಕಕಾಲಕ್ಕೆ ಬಳಸತೊಡಗಿದ ಮೇಲೆ. 1965ರಲ್ಲಿ ಎಂಐಟಿ, ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಸೇರಿ ಆರಂಭಿಸಿದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಮ್ ಓಡುತ್ತಿರುವಾಗಲೇ, ಬೇಕಾದ ಭಾಗವನ್ನು ಹೆಸರು ಹಿಡಿದು ಹುಡುಕಿ ಜೋಡಿಸುವ ಏರ್ಪಾಡಿತ್ತು. ಅದರ ಅನುಭವದಿಂದ, ಬಹುಮಟ್ಟಿಗೆ ಅದರ ಭಾರಕ್ಕೆ ಬೇಸತ್ತು ಹುಟ್ಟಿದ ಯುನಿಕ್ಸ್ ಈ ಏರ್ಪಾಡನ್ನು ಕೈಬಿಟ್ಟಿತು. ಯುನಿಕ್ಸಿನಲ್ಲಿ ಹಲವು ವರ್ಷ ಮತ್ತೆ ಕೇಂಬ್ರಿಜ್ ಪದ್ಧತಿಯೇ: ಅವರವರ ಪ್ರತಿ ಅವರವರಿಗೆ.

ಪರದೆಯ ಮೇಲೆ ಕಿಟಕಿಗಳು ಬಂದಾಗ ಅದು ಸಾಗದಾಯಿತು. ಒಂದು ಗಡಿಯಾರ ತೋರಿಸುವ ಪುಟ್ಟ ಪ್ರೋಗ್ರಾಮ್ ಕೂಡ ಕಿಟಕಿ, ಗುಂಡಿ, ಅಕ್ಷರ ಬಿಡಿಸುವ ಇಡೀ ಸರಂಜಾಮನ್ನು ತನ್ನೊಳಗೆ ತುಂಬಿಕೊಳ್ಳಬೇಕು. ಮೆಮೊರಿ ದುಬಾರಿಯಾಗಿದ್ದ ಕಾಲ. 1988ರಲ್ಲಿ ಬಂದ ಸನ್ ಕಂಪನಿಯ ಸನ್‌ಒಎಸ್ 4.0 ಶೇರ್ಡ್ ಲೈಬ್ರರಿಯನ್ನು ಇಂದು ನಾವು ಬಳಸುವ ರೂಪಕ್ಕೆ ಹತ್ತಿರವಾಗಿ ತಂದಿತು. ಲೈಬ್ರರಿಯ ಒಂದೇ ಪ್ರತಿ ಡಿಸ್ಕಿನಲ್ಲಿ, ಒಂದೇ ಪ್ರತಿ ಮೆಮೊರಿಯಲ್ಲಿ. ಹತ್ತು ಪ್ರೋಗ್ರಾಮ್ ಓಡುತ್ತಿದ್ದರೂ ಹತ್ತಕ್ಕೂ ಅದೇ. ತಪ್ಪು ತಿದ್ದಬೇಕೆ? ಒಂದು ಕಡೆ ತಿದ್ದಿದರೆ ಸಾಕು.

ಆದರೆ ಈಗ ಒಂದು ಹೊಸ ಪ್ರಶ್ನೆ. ಲೈಬ್ರರಿಯನ್ನು ತಿದ್ದಿದವನಿಗೆ ಅದನ್ನು ಯಾರೆಲ್ಲ ಬಳಸುತ್ತಿದ್ದಾರೆ ಎಂಬುದು ಗೊತ್ತಿಲ್ಲ. ಬಳಸುವವರಿಗೆ ಅವನು ತಿದ್ದಿದ್ದು ಗೊತ್ತಿಲ್ಲ. ನಡುವೆ ಇರುವುದು ಬರೀ ಒಂದು ಹೆಸರು.

ಪಾರ್ಟ್ ನಂಬರಿನ ನ್ಯಾಯ

ಈ ಪ್ರಶ್ನೆಗೆ ಉತ್ತರ ನಮ್ಮ ಚಾಕಣದ ಯಾವ ಸ್ಟೋರ್ಸ್‌ನಲ್ಲಿ ಕೇಳಿದರೂ ಸಿಗುತ್ತದೆ. ಒಂದು ಬ್ರ್ಯಾಕೆಟ್ ಇದೆ ಎನ್ನಿ. ಅದರ ಒಳಭಾಗದ ದಪ್ಪ ತುಸು ಬದಲಾಯಿತು. ಆದರೂ ಹಳೆಯದರ ಜಾಗದಲ್ಲಿ ಕೂರುತ್ತದೆ, ಅದೇ ಬೋಲ್ಟು ಹಿಡಿಯುತ್ತದೆ, ಅದೇ ಕೆಲಸ ಮಾಡುತ್ತದೆ. ಆಗ ಪಾರ್ಟ್ ನಂಬರ್ ಹಾಗೆಯೇ ಇರುತ್ತದೆ, ಡ್ರಾಯಿಂಗಿನ ಮೇಲೆ ರಿವಿಷನ್ ಅಕ್ಷರ ಮಾತ್ರ ಮುಂದೆ ಹೋಗುತ್ತದೆ. ಬೋಲ್ಟಿನ ತೂತೇ ಎರಡು ಮಿಲಿಮೀಟರ್ ಸರಿದರೆ? ಆಗ ಅದು ಹಳೆಯದರ ಬದಲಿಗೆ ಕೂರುವ ವಸ್ತುವಲ್ಲ. ಹೊಸ ಪಾರ್ಟ್ ನಂಬರ್ ಕೊಡಲೇಬೇಕು. ಹಳೆಯ ನಂಬರಿನಲ್ಲೇ ಕಳಿಸಿದರೆ ಗ್ರಾಹಕನ ಲೈನ್ ನಿಲ್ಲುತ್ತದೆ.

ಶೇರ್ಡ್ ಲೈಬ್ರರಿಗಳಿಗೂ ಇದೇ ನ್ಯಾಯ. ಸನ್‌ಒಎಸ್‌ನಲ್ಲಿ ಲೈಬ್ರರಿಯ ಹೆಸರಿನ ಹಿಂದೆ ಎರಡು ಅಂಕೆ ಇರುತ್ತಿದ್ದವು. ಹೊಸ ಸೌಲಭ್ಯ ಸೇರಿದರೆ, ಹಳೆಯದು ಕೆಡದಿದ್ದರೆ, ಎರಡನೆಯ ಅಂಕೆ ಬೆಳೆಯುತ್ತದೆ. ಹಳೆಯ ಪ್ರೋಗ್ರಾಮಿಗೆ ಹೊಂದದ ಬದಲಾವಣೆಯಾದರೆ ಮೊದಲನೆಯ ಅಂಕೆಯೇ ಬದಲಾಗಬೇಕು. ಆಮೇಲೆ ಬಂದ ಇಎಲ್‌ಎಫ್ ಎಂಬ ರೂಪದಲ್ಲಿ ಪ್ರತಿ ಲೈಬ್ರರಿಯೂ ತನ್ನ ಒಳಗೇ ಒಂದು ಹೆಸರನ್ನು ಹೊತ್ತಿರುತ್ತದೆ, ಅದಕ್ಕೆ ಸೋನೇಮ್ ಎನ್ನುತ್ತಾರೆ. ಪ್ರೋಗ್ರಾಮ್ ಕಟ್ಟುವಾಗ ಆ ಹೆಸರನ್ನು ಬರೆದುಕೊಳ್ಳುತ್ತದೆ, ಓಡುವಾಗ ಅದೇ ಹೆಸರನ್ನು ಕೇಳುತ್ತದೆ. ಸೋನೇಮ್ ಬದಲಾದರೆ ಹಳೆಯದೂ ಹೊಸದೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರಬಹುದು. ಯಾರಿಗೆ ಯಾವುದು ಬೇಕೋ ಅದು. ಈಚಿನ ತಲೆಮಾರಿನವರು ಬಳಸುವ ಸೆಮ್ಯಾಂಟಿಕ್ ವರ್ಷನಿಂಗ್‌ನ ಮೂರು ಅಂಕೆಗಳ ಹಿಂದೆಯೂ ಇದೇ ಆಲೋಚನೆ.

ನಿಯಮ ಸುಲಭ, ಪಾಲಿಸುವುದು ಕಷ್ಟ. ಯಾವ ಬದಲಾವಣೆ ಹಳೆಯದಕ್ಕೆ ಹೊಂದುತ್ತದೆ, ಯಾವುದು ಇಲ್ಲ ಎಂದು ತೀರ್ಮಾನಿಸುವವರು ಮನುಷ್ಯರು. ಬೋಲ್ಟಿನ ತೂತಾದರೆ ಕಣ್ಣಿಗೆ ಕಾಣುತ್ತದೆ, ಗೇಜು ಹಾಕಿ ನೋಡಬಹುದು. ಲೈಬ್ರರಿಯಲ್ಲಿ ಅದು ಪ್ರೋಗ್ರಾಮ್ ಓಡಿದಾಗಲೇ ಗೊತ್ತಾಗುವುದು.

ಆರನೆಯ ಲಿಬ್‌ಸಿ

ಲಿನಕ್ಸ್ ಈ ಪಾಠವನ್ನು ಪೆಟ್ಟು ತಿಂದು ಕಲಿಯಿತು. ಶುರುವಿನ ವರ್ಷಗಳಲ್ಲಿ ಅಲ್ಲಿ ಪ್ರತಿ ಶೇರ್ಡ್ ಲೈಬ್ರರಿಗೂ ಮೆಮೊರಿಯಲ್ಲಿ ಒಂದು ಗೊತ್ತಾದ ಜಾಗ ಕೊಡಬೇಕಿತ್ತು, ಸೈಟಿಗೆ ನಂಬರ್ ಕೊಟ್ಟಂತೆ. ಎರಡು ಲೈಬ್ರರಿಗಳಿಗೆ ಒಂದೇ ಜಾಗ ಆಗದಂತೆ ಪಟ್ಟಿ ಇಟ್ಟುಕೊಳ್ಳಬೇಕಿತ್ತು. 1995ರ ಸುಮಾರಿಗೆ ಇಎಲ್‌ಎಫ್‌ಗೆ ಬದಲಾದಾಗ ಆ ತೊಂದರೆ ಹೋಯಿತು. ಎರಡು ವರ್ಷ ಕಳೆಯುವುದರೊಳಗೆ ಇನ್ನೊಂದು ದೊಡ್ಡ ಬದಲಾವಣೆ. ಎಲ್ಲ ಪ್ರೋಗ್ರಾಮುಗಳಿಗೂ ಬುಡದಲ್ಲಿರುವ ಸಿ ಲೈಬ್ರರಿಯ ಐದನೆಯ ಆವೃತ್ತಿಯನ್ನು ಬಿಟ್ಟು ಗ್ನೂ ಯೋಜನೆಯ ಗ್ಲಿಬ್‌ಸಿ 2ಕ್ಕೆ ಹೋಗುವುದು. ಅದಕ್ಕೆ ಲಿಬ್‌ಸಿ 6 ಎಂಬ ಸೋನೇಮ್ ಸಿಕ್ಕಿತು. ರೆಡ್ ಹ್ಯಾಟ್ 1997ರ ಕೊನೆಗೆ, ಡೆಬಿಯನ್ 1998ರಲ್ಲಿ ಬದಲಾದವು. ಐದಕ್ಕೆ ಕಟ್ಟಿದ ಪ್ರೋಗ್ರಾಮ್ ಆರರ ಲೈಬ್ರರಿಯನ್ನು ಬೆರೆಸಿಕೊಂಡರೆ ನೆಲಕ್ಕೆ ಬೀಳುತ್ತಿತ್ತು. ಬಳಸುವವರು ಬಹಳ ಕಾಲ ಎರಡನ್ನೂ ಇಟ್ಟುಕೊಂಡು ದಿನ ದೂಡಿದರು.

ಇನ್ನೊಮ್ಮೆ ಇಂಥ ಪಾಡು ಬೇಡ ಎಂದೇ ಇರಬೇಕು, ಗ್ಲಿಬ್‌ಸಿಯವರು ಇಂದಿಗೂ ಆ ಆರನ್ನು ಏಳು ಮಾಡಿಲ್ಲ. 1999ರ ಗ್ಲಿಬ್‌ಸಿ 2.1ರಲ್ಲಿ ಬೇರೊಂದು ಉಪಾಯ ತಂದರು. ಅದರ ಮೂಲ ಕಲ್ಪನೆ ಸನ್ ಕಂಪನಿಯ ಸೋಲಾರಿಸ್‌ನಲ್ಲಿತ್ತು. ಇಡೀ ಲೈಬ್ರರಿಗೆ ಒಂದು ಆವೃತ್ತಿ ಎನ್ನುವ ಬದಲು ಅದರೊಳಗಿನ ಒಂದೊಂದು ಕೆಲಸಕ್ಕೂ ಆವೃತ್ತಿಯ ಚೀಟಿ ಅಂಟಿಸುವುದು. ಒಂದು ಕೆಲಸದ ರೀತಿ ಬದಲಾದರೆ ಹಳೆಯ ರೀತಿಯನ್ನು ಹಳೆಯ ಚೀಟಿಯೊಡನೆ ಒಳಗೇ ಇಟ್ಟು, ಹೊಸದನ್ನು ಹೊಸ ಚೀಟಿಯೊಡನೆ ಸೇರಿಸುವುದು. ಹಳೆಯ ಪ್ರೋಗ್ರಾಮ್ ಬಂದರೆ ಹಳೆಯದು, ಹೊಸದು ಬಂದರೆ ಹೊಸದು. ಹಳೆಯ ಗ್ಲಿಬ್‌ಸಿಯಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದೆ ‘ಇಂಥ ಆವೃತ್ತಿ ಸಿಗಲಿಲ್ಲ’ ಎನ್ನುತ್ತದೆ. ಅದಕ್ಕೇ ಅನುಭವಸ್ಥರು ತಾವು ಬೆಂಬಲಿಸಬೇಕಾದ ವ್ಯವಸ್ಥೆಗಳಲ್ಲಿ ಅತಿ ಹಳೆಯದರ ಮೇಲೆ ಪ್ರೋಗ್ರಾಮ್ ಕಟ್ಟುತ್ತಾರೆ. 2016ರಲ್ಲಿ ಪೈಥಾನ್ ಬಳಗ ಲಿನಕ್ಸಿಗೆ ಸಿದ್ಧ ಪ್ಯಾಕೇಜು ಹಂಚುವ ನಿಯಮ ಮಾಡಿದಾಗ ಆಗಲೇ ಹಳೆಯದಾಗಿದ್ದ ಸೆಂಟ್‌ಒಎಸ್ 5 ಅನ್ನು ಬುನಾದಿಯಾಗಿ ಆರಿಸಿದ್ದು ಈ ಕಾರಣಕ್ಕೇ.

ಇಷ್ಟು ಎಚ್ಚರವಿದ್ದರೂ 2010ರಲ್ಲಿ ಒಂದು ಎಡವಟ್ಟಾಯಿತು. ಮೆಮೊರಿಯ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಪ್ರತಿ ಮಾಡುವ ಮೆಮ್‌ಕಾಪಿ ಎಂಬ ಸಣ್ಣ ಕೆಲಸವಿದೆ. ಆ ಎರಡು ಜಾಗಗಳು ಒಂದರ ಮೇಲೊಂದು ಹಾಯಬಾರದು ಎಂಬುದು ಸಿ ಭಾಷೆಯ ನಿಯಮ. ಹಾಯ್ದರೂ ಹಳೆಯ ಗ್ಲಿಬ್‌ಸಿಯಲ್ಲಿ ಎಷ್ಟೋ ಸಲ ನಡೆದುಹೋಗುತ್ತಿತ್ತು. ವೇಗಕ್ಕಾಗಿ ಅದನ್ನು ಹೊಸದಾಗಿ ಬರೆದಾಗ ಕೆಲವು ಪ್ರೊಸೆಸರುಗಳ ಮೇಲೆ ಪ್ರತಿ ಮಾಡುವ ದಿಕ್ಕು ತಿರುಗಿತು. ಫೆಡೋರಾ 14 ಬಳಸುತ್ತಿದ್ದವರಿಗೆ ಫ್ಲ್ಯಾಶ್ ಪ್ಲೇಯರಿನಲ್ಲಿ ಹಾಡು ಕೇಳಿದರೆ ಕರಕರ ಸದ್ದು. ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ ತಾವೇ ಕೂತು ಕಾರಣ ಹುಡುಕಿದರು.

ತಪ್ಪು ಯಾರದು ಎಂದು ದೊಡ್ಡ ಚರ್ಚೆ. ನಿಯಮ ಮುರಿದದ್ದು ಫ್ಲ್ಯಾಶ್, ನಾವೇಕೆ ಬದಲಾಗಬೇಕು ಎಂಬುದು ಒಂದು ಪಕ್ಷ. ಬಳಸುವವನಿಗೆ ನಿಯಮ ಗೊತ್ತಿಲ್ಲ, ನಿನ್ನೆ ಕೇಳುತ್ತಿದ್ದ ಹಾಡು ಇವತ್ತು ಕೇಳುತ್ತಿಲ್ಲ ಎಂಬುದಷ್ಟೇ ಅವನಿಗೆ ಗೊತ್ತು ಎಂಬುದು ಟೊರ್ವಾಲ್ಡ್ಸ್ ಅವರ ವಾದದ ಸಾರ. ಕೊನೆಗೆ 2011ರ ಗ್ಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಹೊಸ ಚೀಟಿ ಅಂಟಿಸಿದರು. ಮೊದಲೇ ಕಟ್ಟಿದ ಪ್ರೋಗ್ರಾಮುಗಳಿಗೆ ಹಳೆಯ ನಡವಳಿಕೆ, ಮುಂದೆ ಕಟ್ಟುವವರಿಗೆ ಹೊಸದು. ತಪ್ಪು ಯಾರದೆಂದು ಇತ್ಯರ್ಥವಾಗದೆಯೂ ಜಗಳ ಬಗೆಹರಿಯಿತು.

ನಮ್ಮ ಅಕ್ಷರಗಳೂ ಇದರಲ್ಲಿ ಸಿಕ್ಕಿಕೊಂಡವು

ಈ ಚರಿತ್ರೆ ನಮಗೆ ದೂರದ್ದಲ್ಲ. ನನ್ನಂತೆ 2000ದ ದಶಕದಲ್ಲಿ ಸೈಬರ್ ಕೆಫೆಯಲ್ಲಿ ಕನ್ನಡ ಓದಲು ಹೆಣಗಿದವರಿಗೆ ನೆನಪಿರಬೇಕು. ಅದಕ್ಕೆ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳು ತಮ್ಮ ಫಾಂಟನ್ನೂ ಅಕ್ಷರದ ಸಂಕೇತಗಳನ್ನೂ ತಾವೇ ಹೊತ್ತು ತರುತ್ತಿದ್ದವು. ಕೇಂಬ್ರಿಜ್ ಪದ್ಧತಿ: ಅವರವರ ಪ್ರತಿ ಅವರವರಿಗೆ. ಒಂದರಲ್ಲಿ ಬರೆದ ಕಾಗದವನ್ನು ಆ ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು.

ಯೂನಿಕೋಡ್ ಬಂದಾಗ ಒಂದೊಂದು ತಂತ್ರಾಂಶವೂ ಒತ್ತಕ್ಷರ ಕೂಡಿಸುವುದನ್ನು ಪ್ರತ್ಯೇಕವಾಗಿ ಕಲಿಯಬೇಕಿಲ್ಲ ಎಂದಾಯಿತು. ವಿಂಡೋಸ್‌ನಲ್ಲಿ ಆ ಕೆಲಸಕ್ಕೆ ಯುನಿಸ್ಕ್ರೈಬ್ ಎಂಬ ಒಂದು ಶೇರ್ಡ್ ಲೈಬ್ರರಿ. ಯುಎಸ್‌ಪಿ10 ಎಂಬ ಡಿಎಲ್‌ಎಲ್ ಫೈಲು. ವಿಂಡೋಸ್ 2000ದಲ್ಲಿ ಅದಕ್ಕೆ ದೇವನಾಗರಿ, ತಮಿಳು ಗೊತ್ತಿದ್ದವು, ಕನ್ನಡ ಗೊತ್ತಿರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡವೂ ಬಂತು. ಆದರೆ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕದಲ್ಲಿ ಟಿಕ್ ಹಾಕಬೇಕು, ಹಾಕಿದರೆ ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಕೆಫೆಯವನ ಬಳಿ ಸಿಡಿ ಎಲ್ಲಿಂದ ಬರಬೇಕು?

ಆಗ ಭಾರತೀಯ ಭಾಷೆಗಳವರ ನಡುವೆ ಒಂದು ಕೈಮದ್ದು ಓಡಾಡುತ್ತಿತ್ತು. ಹೊಸ ಆಫೀಸ್ ತಂತ್ರಾಂಶದ ಜೊತೆ ಬಂದ ಯುಎಸ್‌ಪಿ10ರ ಹೊಸ ಆವೃತ್ತಿಯನ್ನು ಕಾಪಿ ಮಾಡಿಕೊಂಡು ಬ್ರೌಸರಿನ ಫೋಲ್ಡರಿಗೆ ಹಾಕುವುದು. ಪ್ರೋಗ್ರಾಮ್ ಮೊದಲು ತನ್ನ ಸ್ವಂತ ಫೋಲ್ಡರಿನಲ್ಲಿ ನೋಡುವುದರಿಂದ ಅದಕ್ಕೆ ಹೊಸದು ಸಿಗುತ್ತಿತ್ತು, ಉಳಿದವಕ್ಕೆ ಹಳೆಯದೇ. ಸಿಸ್ಟಮ್ ಫೋಲ್ಡರಿನಲ್ಲೇ ಬದಲಿಸಲು ಹೋದರೆ ವಿಂಡೋಸ್ ಬಿಡುತ್ತಿರಲಿಲ್ಲ, ತಾನೇ ಹಳೆಯದನ್ನು ತಂದು ಮತ್ತೆ ಕೂರಿಸುತ್ತಿತ್ತು. ಅದು ಸುಮ್ಮನೆ ಹುಟ್ಟಿದ ಹಟವಲ್ಲ. ತೊಂಬತ್ತರ ದಶಕದಲ್ಲಿ ಹೊಸ ತಂತ್ರಾಂಶ ಹಾಕಿದಾಗಲೆಲ್ಲ ಅದು ಎಲ್ಲರೂ ಬಳಸುವ ಡಿಎಲ್‌ಎಲ್ ಮೇಲೆ ತನ್ನ ಆವೃತ್ತಿಯನ್ನು ಹೇರಿ ಉಳಿದವನ್ನು ಕೆಡಿಸುತ್ತಿತ್ತು. ಈ ಪಾಡಿಗೆ ಡಿಎಲ್‌ಎಲ್ ನರಕ ಎಂದೇ ಹೆಸರು ಬಿದ್ದಿತ್ತು. ಅದಕ್ಕೇ ವಿಂಡೋಸ್ 2000ದಿಂದ ಸಿಸ್ಟಮ್ ಫೈಲುಗಳಿಗೆ ಕಾವಲು, ಎಕ್ಸ್‌ಪಿಯಿಂದ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಡುವ ಏರ್ಪಾಡು.

ಲಿನಕ್ಸ್ ಕಡೆಯ ಕತೆ ಇದಕ್ಕೆ ತಿರುಗುಮುರುಗು. ಅಕ್ಷರ ಕೂಡಿಸುವ ಒಂದೇ ಮೂಲದ ಕೋಡನ್ನು ಗ್ನೋಮ್‌ನ ಪ್ಯಾಂಗೊ ಲೈಬ್ರರಿಯೂ, ನನ್ನನ್ನು ಕಾಡಿದ ಇದೇ ಕ್ಯೂಟಿಯೂ ಬೇರೆಬೇರೆಯಾಗಿ ಒಯ್ದು ಬೆಳೆಸಿದವು. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಒಂದೇ ಪದ ಎರಡು ಪ್ರೋಗ್ರಾಮುಗಳಲ್ಲಿ ಎರಡು ಬಗೆಯಲ್ಲಿ ಕಾಣುವ ಸಂಭವವಿತ್ತು. ‘ರ‍್ಯಾಂಕ್’ ಎಂದು ಬರೆದದ್ದು ಒಂದರಲ್ಲಿ ಸರಿಯಾಗಿ ಕಂಡರೆ ಇನ್ನೊಂದರಲ್ಲಿ ರಕಾರ ಅರ್ಕಾವತ್ತಾಗಿ ಹೋಗಿ ‘ರ್ಯಾಂಕ್’ ಆಗುವುದು ಇಂಥ ಕಾರಣಕ್ಕೇ. ಆ ಎರಡು ಕವಲುಗಳನ್ನು ಮತ್ತೆ ಕೂಡಿಸಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡಿದರು. ಬೆಹ್‌ದಾದ್ ಇಸ್ಫಹಬೋದ್ ಅದನ್ನು ಆಮೇಲೆ ಬುಡದಿಂದ ಹೊಸದಾಗಿ ಬರೆದರು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲ ಇಂದು ಅದನ್ನೇ ಬಳಸುತ್ತವೆ. ನೀವು ಈ ಲೇಖನವನ್ನು ಫೋನಿನಲ್ಲಿ ಓದುತ್ತಿದ್ದರೆ ಒತ್ತುಗಳನ್ನು ಕೂರಿಸುತ್ತಿರುವುದು ಬಹುಶಃ ಅದೇ. ಅದರಲ್ಲಿ ಒಂದು ಕನ್ನಡದ ತಪ್ಪು ತಿದ್ದಿದರೆ ಅವೆಲ್ಲದರ ಕನ್ನಡವೂ ಸರಿಯಾಗುತ್ತದೆ. ಒಂದು ತಪ್ಪು ಸೇರಿದರೆ ಎಲ್ಲದರಲ್ಲೂ ಕೆಡುತ್ತದೆ.

ಕೂಡಿ ಬಾಳುವುದೋ, ಬೇರೆಯಾಗುವುದೋ

ಹೀಗೆ ಎರಡು ಪಕ್ಷ. ಎರಡಕ್ಕೂ ತನ್ನದೇ ಬೆಲೆ ಇದೆ.

2002ರ ಮಾರ್ಚಿನಲ್ಲಿ ಝಡ್‌ಲಿಬ್ ಎಂಬ ಲೈಬ್ರರಿಯಲ್ಲಿ ಭದ್ರತೆಗೆ ಸಂಬಂಧಿಸಿದ ತಪ್ಪು ಸಿಕ್ಕಿತು. ಫೈಲುಗಳನ್ನು ಕುಗ್ಗಿಸಿ ಹಿಗ್ಗಿಸುವ ಈ ಪುಟ್ಟ ಲೈಬ್ರರಿಯ ಶೇರ್ಡ್ ಪ್ರತಿಯನ್ನು ಬದಲಿಸುವುದು ನಿಮಿಷದ ಕೆಲಸ. ಆದರೆ ಅದೆಷ್ಟೋ ಪ್ರೋಗ್ರಾಮುಗಳು ಅದರ ಪ್ರತಿಯನ್ನು ತಮ್ಮ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವು. ಅವನ್ನು ಒಂದೊಂದಾಗಿ ಹುಡುಕಿ ಮತ್ತೆ ಕಟ್ಟಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತಪ್ಪು ಹೊರಬಿದ್ದಾಗಲೂ ಹಾಗೆಯೇ. ಹಂಚಿಕೊಂಡು ಬಳಸಿದವರು ಒಂದು ಫೈಲು ಬದಲಿಸಿ ಸರ್ವರ್ ಮತ್ತೆ ಚಾಲೂ ಮಾಡಿ ಆ ತೂತು ಮುಚ್ಚಿದರು. ಸ್ವಂತ ಪ್ರತಿ ಇಟ್ಟುಕೊಂಡವರು ತಮ್ಮ ಬಳಿ ಅದು ಇದೆಯೋ ಇಲ್ಲವೋ ಎಂದು ಮೊದಲು ಹುಡುಕಬೇಕಾಯಿತು.

ಇನ್ನೊಂದು ಕಡೆ, ಎಲ್‌ಡಿ ಲೈಬ್ರರಿ ಪಾತ್ ಬರೆದು ನನ್ನಂತೆ ಕೈ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ನೆದರ್ಲೆಂಡ್ಸ್‌ನ ಏಲ್ಕೊ ಡೋಲ್‌ಸ್ಟ್ರಾ 2006ರಲ್ಲಿ ಊಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌ಡಿ ಪ್ರಬಂಧದಲ್ಲಿ ನಿಕ್ಸ್ ಎಂಬ ದಾರಿ ತೋರಿಸಿದರು. ಪ್ರತಿ ಲೈಬ್ರರಿಯನ್ನೂ ಅದು ಯಾವ ಯಾವ ಸಾಮಗ್ರಿಯಿಂದ ಕಟ್ಟಿದ್ದು ಎಂಬುದರ ಗುರುತಿರುವ ಬೇರೆ ಬೇರೆ ಫೋಲ್ಡರಿನಲ್ಲಿ ಇಡುವುದು, ಯಾವುದನ್ನೂ ಇನ್ನೊಂದರ ಮೇಲೆ ಬರೆಯದಿರುವುದು. 2013ರ ಮಾರ್ಚಿನಲ್ಲಿ ಡಾಕರ್ ಬಂತು. ಪ್ರೋಗ್ರಾಮನ್ನು ಅದರ ಎಲ್ಲ ಲೈಬ್ರರಿಗಳೊಡನೆ ಒಂದು ಬುತ್ತಿ ಕಟ್ಟಿ ಕೊಡುವುದು. ನಮ್ಮ ಬೆಂಚ್ ನಿಂತದ್ದು ಅದೇ ವರ್ಷದ ಮಳೆಗಾಲದಲ್ಲಿ. ನನಗೆ ಆಗ ಡಾಕರ್ ಹೆಸರೂ ಗೊತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡರೆ ಪಕ್ಕದ ಮನೆಯ ಅಡುಗೆ ಕೆಟ್ಟರೂ ನಮಗೇನಿಲ್ಲ. ಆದರೆ ನಮ್ಮ ಬುತ್ತಿಯೊಳಗಿನದು ಹಳಸಿದರೆ ನಾವೇ ತೆರೆದು ನೋಡಬೇಕು.

ಕೂಡಿ ಬಳಸುವುದಾದರೆ ಬದಲಿಸುವವನು ಬದಲಿಸಿದೆ ಎಂದು ಹೇಳಬೇಕು. ಸೋನೇಮ್, ಚೀಟಿ, ಪಾರ್ಟ್ ನಂಬರ್ ಎಲ್ಲವೂ ಅದನ್ನು ಹೇಳುವ ಬಗೆಗಳೇ. ನಾನು ಓದಿದ್ದರಲ್ಲಿ ನನಗೆ ದಕ್ಕಿದ್ದು ಇದು.

ಮತ್ತೆ ಬೆಂಚಿನ ಬಳಿ

ಆ ಶುಕ್ರವಾರ ನಾನು ಮಾಡಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಎಲ್‌ಡಿಡಿ ಎಂಬ ಆಜ್ಞೆ ಕೊಟ್ಟರೆ ಒಂದು ಪ್ರೋಗ್ರಾಮಿಗೆ ಯಾವ ಲೈಬ್ರರಿ ಯಾವ ಫೋಲ್ಡರಿನಿಂದ ಸಿಗುತ್ತಿದೆ ಎಂಬ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಹೊಸ ಫೋಲ್ಡರಿನ ಹೆಸರು ಕಂಡಿತು. ಬುಧವಾರ ಬರೆದ ಸಾಲನ್ನು ಅಳಿಸಿದೆ. ಹೊಸ ಪ್ರೋಗ್ರಾಮನ್ನು ಶುರುಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದು, ಆ ದಾರಿಯನ್ನು ಅದರೊಳಗೆ ಮಾತ್ರ ಇಟ್ಟೆ. ಹಳೆಯದಕ್ಕೆ ಹಳೆಯದು, ಹೊಸದಕ್ಕೆ ಹೊಸದು. ಇಪ್ಪತ್ತು ನಿಮಿಷದಲ್ಲಿ ಲೈನ್ ನಡೆಯಿತು.

ಸಂಜೆ ವರದಿ ಬರೆದೆ: ಲೈಬ್ರರಿ ಆವೃತ್ತಿಗಳ ಘರ್ಷಣೆಯಿಂದ ಪ್ರೋಗ್ರಾಮ್ ನಿಂತಿತ್ತು, ಸರಿಪಡಿಸಲಾಗಿದೆ. ಒಂದಕ್ಷರವೂ ಸುಳ್ಳಲ್ಲ. ಘರ್ಷಣೆ ತಂದವರು ಯಾರು ಎಂಬುದು ಮಾತ್ರ ಅದರಲ್ಲಿ ಇಲ್ಲ. ಸೂಪರ್‌ವೈಸರ್‌ಗೆ ಆ ವಾಕ್ಯ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಹುಡುಗನಿಗೆ ಎರಡು ದಿನದ ಪಗಾರ ಕಟ್ ಆಯಿತು. ತಿಂಗಳು ತುಂಬುವ ಮೊದಲು ಗುತ್ತಿಗೆದಾರ ಅವನನ್ನು ರಾಂಜಣಗಾಂವ್ ಕಡೆಯ ಒಂದು ಕಾರ್ಖಾನೆಗೆ ಕಳಿಸಿದ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ದಿನ ತಳ್ಳುತ್ತಿರುವಾಗಲೇ ಅವನು ಹೋಗಿಯಾಗಿತ್ತು.

ಅವನ ಜೊತೆಗಾರರಿಂದ ನಂಬರ್ ಪಡೆದು ಫೋನ್ ಮಾಡಿದೆ. ಆವತ್ತು ಕೆಡಿಸಿದವನು ನಾನು, ನೀನಲ್ಲ ಎಂದು ಹೇಳಿದೆ. ಪಗಾರದ ದುಡ್ಡು ನಾನು ಕೊಡ್ತೀನಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

“ರೊಕ್ಕ ಬ್ಯಾಡ್ರಿ ಸರ. ಆ ಸೂಪರ್‌ವೈಸರ್‌ಗ ಹೇಳ್ರಿ, ಮಾಡಿದಾಂವ ನಾ ಅಲ್ಲಂತ.”

ಮರುದಿನ ಹೋಗಿ ಹೇಳಿದೆ. ಸೂಪರ್‌ವೈಸರ್ ಚಹಾದ ಲೋಟ ಹಿಡಿದು ನನ್ನನ್ನೇ ನೋಡಿದ. ಆವತ್ತು ಬೆಂಚಿನ ಮೇಲೆ ಇದ್ದವರು ಯಾರು ಎಂಬುದು ಅವನಿಗೆ ನೆನಪೇ ಇರಲಿಲ್ಲ.

ಈಗ ನಮ್ಮ ಪ್ರತಿ ಬೆಂಚಿನ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ದಾರದಲ್ಲಿ ಕಟ್ಟಿದೆ. ಏನು ಬದಲಾಯಿಸಿದ್ದು, ಯಾವ ಆವೃತ್ತಿಯಿಂದ ಯಾವುದಕ್ಕೆ, ಯಾವತ್ತು, ಯಾರು. ನಾಲ್ಕು ಕಾಲಂ. ಕೊನೆಯ ಕಾಲಂ ಖಾಲಿ ಬಿಡುವಂತಿಲ್ಲ. ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಬುಧವಾರದ ತಾರೀಖು ಹಾಕಿ, ನನ್ನ ಹೆಸರು ಬರೆದಿದ್ದೇನೆ.